ಚಾರ್ಲ್ಸ್ ಗುಡ್‌ಇಯರನ ಚರಿತ್ರೆಯೂ ಬಿರಿಯುವ ಟಯರುಗಳೂ

ನಮ್ಮ ಪಾಠಶಾಲೆಯ ಬಾಲಿಕೆಯರಲ್ಲಿ ಬೈಸಿಕಲ್ಲಿನ ಮೇಲೆ ಬರುವವರು ಅನೇಕರುಂಟು. ದಾವಣಗೆರೆಯ ಬೀದಿಗಳಲ್ಲಿಯೂ ತುಂಗಭದ್ರೆಯ ದಡದ ಹರಿಹರದಲ್ಲಿಯೂ ದಪ್ಪ ಹಲ್ಲಿನ ಟಯರುಳ್ಳ ಮೌಂಟನ್ ಬೈಕುಗಳು ಈಗ ಬಹಳವಾಗಿ ಕಾಣಬರುತ್ತವೆ. ಆದರೆ ಎರಡು ಬೇಸಗೆ ಕಳೆಯುವುದರೊಳಗೆ, ಹಲ್ಲುಗಳು ಇನ್ನೂ ಸವೆಯದಿರುವಾಗಲೇ, ಟಯರಿನ ಪಕ್ಕವು ಬತ್ತಿದ ಕೆರೆಯ ನೆಲದಂತೆ ಬಿರಿಯುವುದನ್ನು ಕಂಡು ತಂದೆತಾಯಿಗಳು ನೊಂದುಕೊಳ್ಳುತ್ತಾರೆ. ಅಂಗಡಿಯವನು ಮೋಸಮಾಡಿದನೆಂದು ಕೆಲವರು, ಮಗಳಿಗೆ ಜಾಗ್ರತೆಯಿಲ್ಲವೆಂದು ಕೆಲವರು ಹೇಳುವರು. ಈ ಬಿರುಕಿನ ಕಾರಣವನ್ನು ತಿಳಿಯಬೇಕಾದರೆ, ರಬ್ಬರನ್ನು ಮನುಷ್ಯರ ಉಪಯೋಗಕ್ಕೆ ತಕ್ಕದ್ದಾಗಿ ಮಾಡಿದವನ ಜೀವಿತವನ್ನು ಮೊದಲು ನೋಡುವುದು ಒಳ್ಳೆಯದೆಂದು ನಮಗೆ ತೋರಿದೆ.

ಚಾರ್ಲ್ಸ್ ಗುಡ್‌ಇಯರನು 1800ನೆಯ ಇಸವಿ ಡಿಸೆಂಬರ್ 29ರಂದು ಅಮೆರಿಕ ದೇಶದ ನ್ಯೂಹೇವನ್ ಪಟ್ಟಣದಲ್ಲಿ ಹುಟ್ಟಿದನು. ತಂದೆಯು ಗುಂಡಿಗಳನ್ನೂ ಬೇಸಾಯದ ಸಲಕರಣೆಗಳನ್ನೂ ಮಾಡಿಸಿ ಮಾರುತ್ತಿದ್ದನು. ಮನೆಯವರು ದೈವಭಕ್ತರು. 1824ರಲ್ಲಿ ಆತನು ಕ್ಲಾರಿಸ್ಸ ಬೀಚರ್ ಎಂಬಾಕೆಯನ್ನು ಮದುವೆಯಾಗಿ, ಫಿಲಡೆಲ್ಫಿಯದಲ್ಲಿ ಕಬ್ಬಿಣದ ಸಾಮಾನಿನ ಅಂಗಡಿಯನ್ನಿಟ್ಟನು. ಅಂಗಡಿಯು ಮುಳುಗಿತು, ಸಾಲ ಉಳಿಯಿತು. ಸಾಲ ತೀರಿಸಲಾರದವರನ್ನು ಸೆರೆಗೆ ಹಾಕುವ ಪದ್ಧತಿ ಆಗ ಇದ್ದುದರಿಂದ ಆತನು ಸೆರೆಮನೆಯನ್ನು ಒಂದಲ್ಲ, ಹಲವು ಸಾರಿ ಕಂಡನು.

1834ರಲ್ಲಿ ಆತನು ನ್ಯೂಯಾರ್ಕಿನ ಒಂದು ರಬ್ಬರು ಮಳಿಗೆಗೆ ಹೋಗಿ, ಪ್ರಾಣರಕ್ಷಕ ಚೀಲವೊಂದಕ್ಕೆ ತಾನು ಯೋಚಿಸಿದ ಹೊಸ ಕವಾಟವನ್ನು ತೋರಿಸಿದನು. ಅಲ್ಲಿಯವನು ಕವಾಟವನ್ನು ಮೆಚ್ಚಿದರೂ ಚೀಲದ ರಬ್ಬರೇ ನಿಲ್ಲುವುದಿಲ್ಲವೆಂದು ತಿಳಿಸಿದನು. ಆ ಕಾಲದ ರಬ್ಬರು ಬೇಸಗೆಯಲ್ಲಿ ಕರಗಿ ದುರ್ಗಂಧ ಬೀರುವ ಅಂಟಾಗುತ್ತಿತ್ತು. ಚಳಿಗಾಲದಲ್ಲಿ ಕಲ್ಲಿನಂತೆ ಗಟ್ಟಿಯಾಗಿ ಸೀಳುತ್ತಿತ್ತು. ಕೊಂಡವರು ಸಾಮಾನುಗಳನ್ನು ಹಿಂದಕ್ಕೆ ತರುತ್ತಿದ್ದರು. ರಸಾಯನಶಾಸ್ತ್ರವನ್ನು ಓದಿಲ್ಲದ ಗುಡ್‌ಇಯರನು ಇದನ್ನು ಸರಿಪಡಿಸಲು ದೇವರು ತನ್ನನ್ನೇ ಆರಿಸಿದ್ದಾನೆಂದು ನಂಬಿ ಹೊರಟನು.

ಈ ಚರಿತ್ರೆಯನ್ನು ಬರೆದವರು ಗುಡ್‌ಇಯರನ ಸ್ಥೈರ್ಯವನ್ನು ಬಹಳವಾಗಿ ಕೊಂಡಾಡುತ್ತಾರೆ. ಬಾಲಿಕೆಯರ ಪಾಠಶಾಲೆಯವರಾದ ನಮಗಾದರೋ ಕ್ಲಾರಿಸ್ಸಳ ಅಡಿಗೆಮನೆಯೇ ಮೊದಲು ಕಣ್ಣಿಗೆ ಬೀಳುತ್ತದೆ. ಗಂಡನು ಸೆರೆಯಲ್ಲಿದ್ದಾಗ ಹಸಿ ರಬ್ಬರನ್ನೂ ತನ್ನ ಲಟ್ಟಣಿಗೆಯನ್ನೂ ಅಲ್ಲಿಗೆ ಒಯ್ದುಕೊಟ್ಟವಳು ಆಕೆ. ಆತನು ಹೊರಗೆ ಬಂದ ಮೇಲೆ ರಬ್ಬರಿಗೆ ಮೆಗ್ನೀಸಿಯದ ಪುಡಿಯನ್ನು ಬೆರೆಸಲು, ಆಕೆಯೂ ಚಿಕ್ಕ ಹೆಣ್ಣುಮಕ್ಕಳೂ ಕೂಡಿ ಕುಳಿತು ನೂರಾರು ಜೊತೆ ಮೇಲ್ಜೋಡುಗಳನ್ನು ಮಾಡಿದರು. ಮಾರುವುದಕ್ಕೆ ಮೊದಲೇ ಬೇಸಗೆ ಬಂತು. ಎಲ್ಲವೂ ಮುದ್ದೆಯಾಗಿ ಹೋದವು. ಸುಣ್ಣವನ್ನೂ ನೈಟ್ರಿಕ್ ಆಮ್ಲವನ್ನೂ ಪ್ರಯೋಗಿಸಿದ್ದಾಯಿತು. ಸರ್ಕಾರಕ್ಕಾಗಿ 150 ಅಂಚೆಚೀಲಗಳನ್ನು ಮಾಡಿ ಬೆಚ್ಚನೆಯ ಕೋಣೆಯಲ್ಲಿ ತೂಗುಹಾಕಿ, ಕೆಲವು ವಾರಗಳ ನಂತರ ಬಂದು ನೋಡಲಾಗಿ, ಅವೂ ಕರಗಿ ಜೋತುಬಿದ್ದಿದ್ದವು. ಮೇಲ್ಮೈ ಮಾತ್ರ ಗಟ್ಟಿಯಾಗಿ ಒಳಭಾಗ ಹಸಿಯಾಗಿಯೇ ಉಳಿದಿತ್ತು.

ನಥಾನಿಯೇಲ್ ಹೇವರ್ಡ್ ಎಂಬಾತನಿಂದ ರಬ್ಬರಿಗೆ ಗಂಧಕವನ್ನು ಬೆರೆಸುವುದನ್ನು ಆತನು ಕಲಿತಿದ್ದನು. 1839ರ ಚಳಿಗಾಲದಲ್ಲಿ ವೋಬರ್ನ್ ಎಂಬ ಊರಿನಲ್ಲಿ ಗಂಧಕ ಬೆರೆತ ರಬ್ಬರಿನ ತುಂಡೊಂದು ಬಿಸಿ ಒಲೆಗೆ ತಗುಲಿತು. ಹೇಗೆ ತಗುಲಿತೆಂಬುದನ್ನು ಒಬ್ಬೊಬ್ಬರು ಒಂದೊಂದು ವಿಧವಾಗಿ ಹೇಳುತ್ತಾರೆ. ತುಂಡು ಕರಗಲಿಲ್ಲ, ತೊಗಲಿನಂತೆ ಕರಿಕಾಯಿತು. ಅದರ ಅಂಚಿನಲ್ಲಿ ಕರಗದ, ಸುಡದ, ಚೆನ್ನಾಗಿ ಹಿಗ್ಗುವ ಒಂದು ಪಟ್ಟಿ ಉಳಿಯಿತು. ರಾತ್ರಿಯೆಲ್ಲಾ ಬಾಗಿಲ ಹೊರಗೆ ಹಿಮದ ಚಳಿಯಲ್ಲಿಟ್ಟರೂ ಅದು ಬಿರಿಯಲಿಲ್ಲ.

ಎಷ್ಟು ಗಂಧಕ, ಎಷ್ಟು ಶಾಖ, ಎಷ್ಟು ಹೊತ್ತು ಎಂಬುದನ್ನು ಗೊತ್ತುಮಾಡಲು ಮತ್ತೆ ವರ್ಷಗಳು ಹಿಡಿದವು. ಕ್ಲಾರಿಸ್ಸಳು ರೊಟ್ಟಿಯನ್ನು ತೆಗೆದ ಬಳಿಕ ಅದೇ ಒಲೆಯಲ್ಲಿ ರಬ್ಬರು ಬೇಯುತ್ತಿತ್ತು. ಮನೆಯ ಸಾಮಾನುಗಳು ಅಡವಿಗೆ ಹೋದವು. ಒಂದು ಕೂಸು ತೀರಿಕೊಂಡಾಗ ಅದರ ಶವಸಂಸ್ಕಾರಕ್ಕೂ ಹಣವಿರಲಿಲ್ಲ. ಮಕ್ಕಳ ಪಾಠಪುಸ್ತಕಗಳನ್ನು ಸಹ ಆತನು ಮಾರಿದನು. ಇದನ್ನು ನಾವು ಹೊಗಳಲಾರೆವು. ಎಷ್ಟೇ ದೊಡ್ಡ ಕಾರ್ಯವಾದರೂ ಮಕ್ಕಳ ಕೈಯಿಂದ ಪುಸ್ತಕವನ್ನು ಕಿತ್ತುಕೊಂಡು ನಡೆಯಿತೆಂದರೆ, ಆ ಲೆಕ್ಕವನ್ನು ಬರೆಯದೆ ಬಿಡುವುದು ನ್ಯಾಯವಲ್ಲ.

1844ನೆಯ ಜೂನ್ 15ರಂದು ಆತನಿಗೆ ಅಮೆರಿಕದ ಹಕ್ಕುಪತ್ರ ದೊರೆಯಿತು. ಇಂಗ್ಲೆಂಡಿನಲ್ಲಿ ಥಾಮಸ್ ಹ್ಯಾನ್‌ಕಾಕನು ಆ ಮೊದಲೇ ಅರ್ಜಿ ಹಾಕಿದ್ದರಿಂದ ಅಲ್ಲಿಯ ಹಕ್ಕು ತಪ್ಪಿತು. ಲಾಭವನ್ನೆಲ್ಲಾ ಬೇರೆಯವರು ತಿಂದರು, ವ್ಯಾಜ್ಯಗಳು ಬೆಳೆದವು. 1855ರಲ್ಲಿ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ರಬ್ಬರಿನ ವಸ್ತುಗಳನ್ನು ಮೆರೆಯಿಸಿದ ಮೇಲೆ ಆತನು ಅಲ್ಲಿಯೂ ಸಾಲಕ್ಕಾಗಿ ಸೆರೆಗೆ ಬಿದ್ದನು. ಫ್ರಾನ್ಸಿನ ಚಕ್ರವರ್ತಿಯು ದಯಪಾಲಿಸಿದ ಪದಕವು ಸೆರೆಮನೆಗೇ ಬಂದು ಮುಟ್ಟಿತು. ಕ್ಲಾರಿಸ್ಸಳು 1853ರಲ್ಲಿಯೇ ತೀರಿಕೊಂಡಿದ್ದಳು. ಮರಣಶಯ್ಯೆಯಲ್ಲಿದ್ದ ಮಗಳನ್ನು ನೋಡಲು ಹೊರಟ ಗುಡ್‌ಇಯರನು ನ್ಯೂಯಾರ್ಕಿನಲ್ಲಿ 1860ನೆಯ ಜುಲೈ 1ರಂದು ಮೃತನಾದನು. ಆಗ ಆತನ ಸಾಲ ಸುಮಾರು 2,00,000 ಡಾಲರು. ಆತನ ಹೆಸರಿನ ಟಯರು ಸಂಸ್ಥೆಯು 1898ರಲ್ಲಿ ಬೇರೆಯವರಿಂದ ಸ್ಥಾಪಿತವಾದದ್ದು. ಆತನ ಮನೆಯವರಿಗೆ ಅದರಲ್ಲಿ ಪಾಲಿರಲಿಲ್ಲ.

ಗಾಳಿ ತುಂಬಿದ ಬೈಸಿಕಲ್ ಟಯರನ್ನು ಆತನು ಕಾಣಲಿಲ್ಲ. ಬೆಲ್‌ಫಾಸ್ಟಿನ ಪಶುವೈದ್ಯ ಡನ್ಲಪ್ಪನು ಅದನ್ನು ಪ್ರಚಾರಕ್ಕೆ ತಂದದ್ದು 1888ರಲ್ಲಿ. ಅದೇ ವರ್ಷ ಬೆಳಗಾವಿಯಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರರು ಸೈಕಲ್ ಅಂಗಡಿಯನ್ನು ತೆರೆದರು. ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಬುಡವೂ ಆ ಅಂಗಡಿಯೇ ಎಂಬುದನ್ನು ನಮ್ಮ ಹರಿಹರದ ವಾಚಕರು ನೆನೆಯಬಹುದು.

ಇನ್ನು ಬಿರುಕಿನ ಮಾತು. ರಬ್ಬರಿನ ಅಣುಗಳು ಉದ್ದವಾದ ನೂಲಿನಂತಿರುತ್ತವೆ. ಶಾಖ ಕೊಟ್ಟಾಗ ಗಂಧಕವು ನೂಲಿನಿಂದ ನೂಲಿಗೆ ಹೊಲಿಗೆ ಹಾಕಿದಂತೆ ಸೇತುವೆ ಕಟ್ಟುತ್ತದೆ. ಆದುದರಿಂದಲೇ ರಬ್ಬರು ಕರಗದೆ ನಿಲ್ಲುವುದು. ಆದರೆ ಗಂಧಕವು ಮುಟ್ಟದ ಬಲಹೀನ ಸ್ಥಳಗಳು ಆ ನೂಲಿನಲ್ಲಿ ಬಹಳ ಉಳಿಯುತ್ತವೆ. ಗಾಳಿಯಲ್ಲಿ ಅತಿ ಸ್ವಲ್ಪವಾಗಿರುವ ಓಜೋನ್ ಎಂಬ ಅನಿಲವು ಅವನ್ನೇ ಹುಡುಕಿ ಕತ್ತರಿಸುತ್ತದೆ. ರಬ್ಬರು ಸಡಿಲವಾಗಿದ್ದರೆ ಗಾಯ ತೆರೆಯುವುದಿಲ್ಲ. ಎಳೆದು ಹಿಗ್ಗಿದ್ದರೆ ಎಳೆತಕ್ಕೆ ಅಡ್ಡವಾಗಿ ಬಾಯಿಬಿಡುತ್ತದೆ. ಗುಡ್‌ಇಯರನು ಬಿಸಿಲು ಚಳಿಗಳ ಕಾಟವನ್ನು ಗೆದ್ದನಲ್ಲದೆ ಈ ಕಾಟವನ್ನು ಗೆಲ್ಲಲಿಲ್ಲ. ಈಗಿನ ತಯಾರಕರು ರಬ್ಬರಿಗೆ ಕಾಡಿಗೆಯಂಥ ಇಂಗಾಲದ ಪುಡಿಯನ್ನೂ, ಮೇಣವನ್ನೂ, ಓಜೋನನ್ನು ತಡೆಯುವ ರಸಾಯನಗಳನ್ನೂ ಬೆರೆಸುತ್ತಾರೆ. ಇವುಗಳಲ್ಲಿ ಮಿತವ್ಯಯ ಮಾಡಿದರೆ ಟಯರು ಬೇಗ ಬಿರಿಯುತ್ತದೆ. ಆದಕಾರಣ ಅಂಗಡಿಯವನನ್ನು ದೂರುವವರ ಮಾತಿನಲ್ಲಿಯೂ ಕೆಲವು ವೇಳೆ ನಿಜವಿರಬಹುದು.

ಆದರೂ ಹೆಚ್ಚಿನ ಹಾನಿ ಬೇಸಗೆಯ ರಜೆಯಲ್ಲಿಯೇ ಆಗುತ್ತದೆಂದು ನಮ್ಮ ಅಭಿಪ್ರಾಯ. ಏಪ್ರಿಲಿನ ಬಿಸಿಲಿನಲ್ಲಿ ಸೈಕಲ್ಲನ್ನು ಅಂಗಳಕ್ಕೋ ಮಾಳಿಗೆಗೋ ಸೇರಿಸಿ, ಗಾಳಿ ಇಳಿದುಹೋದರೂ ಎರಡು ತಿಂಗಳು ನೋಡದೆ ಬಿಡುತ್ತಾರೆ. ಟಯರಿನ ಪಕ್ಕವು ಭಾರಕ್ಕೆ ಉಬ್ಬಿ ಮಡಿಚಿಕೊಂಡು, ಹಿಗ್ಗಿದ ಸ್ಥಿತಿಯಲ್ಲಿಯೇ ಬಿಸಿಲಿಗೂ ಗಾಳಿಗೂ ಸಿಕ್ಕುತ್ತದೆ. ಹೊಳಪಿಗಾಗಿ ಸೀಮೆಎಣ್ಣೆಯಿಂದ ಒರಸುವವರು ಕಾಪಾಡುವ ಮೇಣವನ್ನೂ ತೆಗೆದುಬಿಡುತ್ತಾರೆ. ವಿದ್ಯುತ್ ಮೋಟಾರಿನ ಕಿಡಿಯಿಂದಲೂ ಓಜೋನ್ ಹುಟ್ಟುವುದರಿಂದ ನೀರೆತ್ತುವ ಪಂಪಿನ ಮಗ್ಗುಲಲ್ಲಿ ಸೈಕಲ್ಲನ್ನು ನಿಲ್ಲಿಸುವುದೂ ಸರಿಯಲ್ಲ. ನೆರಳಿನಲ್ಲಿಟ್ಟು, ಹದಿನೈದು ದಿನಕ್ಕೊಮ್ಮೆ ಗಾಳಿ ಹಾಕಿ, ಸಾಧ್ಯವಾದರೆ ಚಕ್ರಗಳು ನೆಲಕ್ಕೆ ತಗುಲದಂತೆ ತೂಗುಹಾಕಬೇಕು; ಕೊಳೆಯನ್ನು ನೀರಿನಿಂದಲೇ ತೊಳೆಯಬೇಕು. ಕೂದಲೆಳೆಯಂಥ ಬಿರುಕುಗಳು ಮಾತ್ರ ಇದ್ದರೆ ಭಯವಿಲ್ಲ. ಬಿರುಕಿನೊಳಗೆ ನೂಲು ಕಾಣತೊಡಗಿದರೆ, ಪಾಠಶಾಲೆ ತೆರೆಯುವುದಕ್ಕೆ ಮೊದಲೇ ಆ ಟಯರನ್ನು ಬದಲಾಯಿಸಿಕೊಡಬೇಕೆಂದು ತಂದೆತಾಯಿಗಳನ್ನು ಬೇಡುತ್ತೇವೆ.