ಎಂಜಿನ್ ಸದ್ದಡಗಿಸಿದವನಿಗೆ ಬ್ರೇಕ್ ಕಿರುಚಾಟ ನಿಲ್ಲಿಸಲಾಗಲಿಲ್ಲ: ಡಿಸ್ಕ್ ಬ್ರೇಕ್ ಜನಕ ಲ್ಯಾಂಚೆಸ್ಟರ್ ಬದುಕಿನ ಕಥೆ

ಮಳೆಗಾಲದ ಬೆಳಗ್ಗೆ ಡೊಂಬಿವಲಿ ಅಥವಾ ಕಲ್ಯಾಣ್‌ನ ಯಾವುದೇ ಹೌಸಿಂಗ್ ಸೊಸೈಟಿಯ ಗೇಟಿನ ಬಳಿ ಐದು ನಿಮಿಷ ನಿಂತರೆ ಸಾಕು, ಆ ಸದ್ದು ಕಿವಿಗೆ ಬಿದ್ದೇ ಬೀಳುತ್ತದೆ. ರಾತ್ರಿಯಿಡೀ ನೆನೆದ ಕಾರು ಮೆಲ್ಲಗೆ ಹೊರಡುತ್ತದೆ. ಮೊದಲ ಹಂಪ್ ಬಳಿ ಚಾಲಕ ಬ್ರೇಕ್ ಒತ್ತುತ್ತಿದ್ದಂತೆ ಕೀಂಯ್ ಎಂಬ ಕಿರುಚಾಟ. ಶೀಲ್‌ಫಾಟಾ ತಲುಪುವಷ್ಟರಲ್ಲಿ ಸದ್ದು ಮಾಯ.

ಇದು ಹಳೆಯ ಕಾರುಗಳ ಕಾಯಿಲೆ ಅಂದುಕೊಂಡರೆ ತಪ್ಪು. ನವಿ ಮುಂಬೈನ ಪಾಮ್ ಬೀಚ್ ರಸ್ತೆಗೆ ಇಳಿಯುವ ಕೋಟಿ ಬೆಲೆಯ ಸ್ಪೋರ್ಟ್ಸ್ ಕಾರುಗಳೂ ಸಿಗ್ನಲ್ ಬಳಿ ನಿಧಾನವಾಗುವಾಗ ಹೀಗೆಯೇ ಚೀರುತ್ತವೆ. ನೋಡುವವರು ನಗುತ್ತಾರೆ, ಮಾಲೀಕರು ಸರ್ವೀಸ್ ಸೆಂಟರ್‌ಗೆ ಓಡುತ್ತಾರೆ. ಈ ದೂರಿಗೆ ಈಗ 120 ವರ್ಷ ದಾಟಿದೆ. ಇದನ್ನು ಮೊದಲು ಎದುರಿಸಿದವರಲ್ಲಿ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದ ಇಂಗ್ಲೆಂಡಿನ ಎಂಜಿನಿಯರ್ ಫ್ರೆಡರಿಕ್ ವಿಲಿಯಂ ಲ್ಯಾಂಚೆಸ್ಟರ್ ಅವರೇ ಇದ್ದರು.

ಅಪ್ಪ ವಾಸ್ತುಶಿಲ್ಪಿ, ಅಣ್ಣನಿಗೆ ಭಾರತದ ನಂಟು

ಲ್ಯಾಂಚೆಸ್ಟರ್ ಹುಟ್ಟಿದ್ದು 1868ರ ಅಕ್ಟೋಬರ್ 23ರಂದು, ಲಂಡನ್‌ನ ಲೂಯಿಶಮ್‌ನಲ್ಲಿ. ತಂದೆ ವಾಸ್ತುಶಿಲ್ಪಿ, ತಾಯಿ ಲ್ಯಾಟಿನ್ ಮತ್ತು ಗಣಿತ ಹೇಳಿಕೊಡುತ್ತಿದ್ದವರು. ಮನೆ ತುಂಬ ಮಕ್ಕಳು. ಅಣ್ಣ ಹೆನ್ರಿ ವಾನ್ ಲ್ಯಾಂಚೆಸ್ಟರ್ ತಂದೆಯ ವೃತ್ತಿಯನ್ನೇ ಹಿಡಿದರು. ಜೋಧಪುರದ ಉಮೇದ್ ಭವನ ಅರಮನೆಯನ್ನು ನೋಡಿದವರು ಅವರ ಕೆಲಸವನ್ನು ನೋಡಿದಂತೆಯೇ. ತಂಗಿ ಈಡಿತ್ ಸಮಾಜವಾದಿ ಹೋರಾಟಗಾರ್ತಿ. ಈಡಿತ್ ಮಗಳು ಎಲ್ಸಾ ಲ್ಯಾಂಚೆಸ್ಟರ್ ಹಾಲಿವುಡ್ ನಟಿಯಾದರು; 1935ರ 'ಬ್ರೈಡ್ ಆಫ್ ಫ್ರಾಂಕನ್‌ಸ್ಟೈನ್' ಚಿತ್ರದಲ್ಲಿ ಅವರು ಹಾಕುವ ಕಿರುಚಾಟ ಇಂದಿಗೂ ಸಿನಿಮಾ ಪ್ರಿಯರ ನೆನಪಿನಲ್ಲಿದೆ. ಈ ಮನೆತನಕ್ಕೂ ಕಿರುಚಾಟಕ್ಕೂ ಏನೋ ಋಣಾನುಬಂಧ ಇದ್ದಿರಬೇಕು!

ಫ್ರೆಡರಿಕ್ ಸೌತಾಂಪ್ಟನ್‌ನಲ್ಲಿ, ಆಮೇಲೆ ಲಂಡನ್‌ನ ಸೌತ್ ಕೆನ್ಸಿಂಗ್ಟನ್‌ನಲ್ಲಿ ಓದಿದರು. ಪದವಿ ಮಾತ್ರ ಕೈಗೆ ಬರಲಿಲ್ಲ. ಸ್ವಲ್ಪ ಕಾಲ ನಕ್ಷೆ ಬಿಡಿಸುವ ಕೆಲಸ ಮಾಡಿ, 1889ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಗ್ಯಾಸ್ ಎಂಜಿನ್ ಕಂಪನಿಯೊಂದರಲ್ಲಿ ಸಹಾಯಕ ವ್ಯವಸ್ಥಾಪಕರಾಗಿ ಸೇರಿದರು. ಆಗ ನಡೆದ ಸಣ್ಣ ಘಟನೆಯೊಂದು ಅವರ ಸ್ವಭಾವ ಎಂಥದ್ದೆಂದು ತೋರಿಸುತ್ತದೆ. ಕೆಲಸದಲ್ಲಿದ್ದಾಗ ಮಾಡುವ ಯಾವುದೇ ತಾಂತ್ರಿಕ ಸುಧಾರಣೆ ಕಂಪನಿಯ ಸ್ವತ್ತು ಎಂಬ ಷರತ್ತು ನೇಮಕದ ಕರಾರಿನಲ್ಲಿತ್ತು. ಇಪ್ಪತ್ತರ ಹುಡುಗ ಆ ಸಾಲಿಗೆ ಗೀಟು ಎಳೆದು, ಆಮೇಲೆ ಸಹಿ ಹಾಕಿದ! ಎಂಜಿನ್ ವೇಗ ನಿಯಂತ್ರಿಸಲು ಅವರು ಮಾಡಿದ ಸಾಧನವನ್ನು ಕಂಪನಿ ಬಳಸಿಕೊಂಡಾಗ ಪ್ರತಿ ಎಂಜಿನ್‌ಗೂ ಅವರಿಗೆ ರಾಯಧನ ಬಂತು. ಆಫರ್ ಲೆಟರ್ ಸಿಕ್ಕ ಖುಷಿಯಲ್ಲಿ ಓದದೇ ಸಹಿ ಹಾಕುವ ಇಂದಿನ ಎಂಜಿನಿಯರಿಂಗ್ ಪದವೀಧರರು ಒಮ್ಮೆ ಇದನ್ನು ಗಮನಿಸಬಹುದು.

ನಡುಕದ ಮೇಲೆ ಯುದ್ಧ

1893ರಲ್ಲಿ ಆ ಕೆಲಸ ಬಿಟ್ಟ ಲ್ಯಾಂಚೆಸ್ಟರ್ ತಮ್ಮದೇ ಕಾರು ಮಾಡಲು ಹೊರಟರು. 1895ರಲ್ಲಿ ಕಟ್ಟಿ 1896ರಲ್ಲಿ ರಸ್ತೆಗಿಳಿಸಿದ ಅವರ ಕಾರನ್ನು ಸಂಪೂರ್ಣ ಬ್ರಿಟಿಷ್ ನಿರ್ಮಿತ ಮೊದಲ ನಾಲ್ಕು ಚಕ್ರದ ಪೆಟ್ರೋಲ್ ಕಾರು ಎಂದು ಗುರುತಿಸಲಾಗುತ್ತದೆ. ಆಗಿನ ಬಹುತೇಕ ಕಾರುಗಳೆಂದರೆ ಕುದುರೆ ಬಿಚ್ಚಿ ಎಂಜಿನ್ ಕಟ್ಟಿದ ಗಾಡಿಗಳು. ಲ್ಯಾಂಚೆಸ್ಟರ್ ಹಾಗೆ ಮಾಡದೆ ಎಲ್ಲವನ್ನೂ ಕಾಗದದ ಮೇಲೆ ಮೊದಲಿನಿಂದ ಲೆಕ್ಕ ಹಾಕಿ ರೂಪಿಸಿದರು.

ಅವರ ದೊಡ್ಡ ಶತ್ರು ನಡುಕ. ಎಂಜಿನ್ ಗಡಗಡ ನಡುಗಿದರೆ ಬೋಲ್ಟು ಸಡಿಲವಾಗುತ್ತದೆ, ಕೂತವರ ಹಲ್ಲು ಕಟಕಟ ಎನ್ನುತ್ತದೆ. ಅದಕ್ಕೆಂದು ಅವರು ಎರಡು ಸಿಲಿಂಡರ್ ಎಂಜಿನ್‌ಗೆ ಪರಸ್ಪರ ವಿರುದ್ಧ ದಿಕ್ಕಿನಲ್ಲಿ ತಿರುಗುವ ಎರಡು ಕ್ರ್ಯಾಂಕ್‌ಶಾಫ್ಟ್ ಇಟ್ಟರು. ಒಂದರ ನಡುಕವನ್ನು ಇನ್ನೊಂದು ನುಂಗುತ್ತಿತ್ತು. ಮುಂದೆ ಎಂಜಿನ್‌ನ ಎರಡು ಪಟ್ಟು ವೇಗದಲ್ಲಿ ತಿರುಗಿ ಕಂಪನ ಅಳಿಸುವ ಬ್ಯಾಲೆನ್ಸ್ ಶಾಫ್ಟನ್ನೂ ಅವರೇ ಕೊಟ್ಟರು. 1970ರ ದಶಕದಲ್ಲಿ ಮಿತ್ಸುಬಿಷಿ ಆ ವಿಚಾರವನ್ನು ಮತ್ತೆ ಕೈಗೆತ್ತಿಕೊಂಡಿತು. ಪೋರ್ಷೆ ಕಂಪನಿ ತನ್ನ 944 ಸ್ಪೋರ್ಟ್ಸ್ ಕಾರಿಗಾಗಿ ಮಿತ್ಸುಬಿಷಿಯಿಂದ ಅದರ ಪರವಾನಗಿ ಪಡೆಯಿತು.

1899ರ ಡಿಸೆಂಬರ್‌ನಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಲ್ಯಾಂಚೆಸ್ಟರ್ ಎಂಜಿನ್ ಕಂಪನಿ ಶುರುವಾಯಿತು. ಮುಂಬೈನಲ್ಲೇ ಹುಟ್ಟಿದ ಲೇಖಕ ರುಡ್ಯಾರ್ಡ್ ಕಿಪ್ಲಿಂಗ್ 1902ರಲ್ಲೇ ಈ ಕಾರು ಕೊಂಡರು. ಮುಂದೆ ಭಾರತದ ರಾಜಮಹಾರಾಜರೂ ಲ್ಯಾಂಚೆಸ್ಟರ್ ಮೋಹಕ್ಕೆ ಬಿದ್ದರು. ಅಲ್ವರ್‌ನ ಮಹಾರಾಜರಂತೂ ಬ್ರಿಟಿಷ್ ರಾಜರ ಸಾರೋಟಿನಂಥ ಮೈಕಟ್ಟನ್ನೇ ಲ್ಯಾಂಚೆಸ್ಟರ್ ಮೇಲೆ ಕೂರಿಸಿಕೊಂಡಿದ್ದರು.

ತಾಮ್ರದ ಹಿಡಿತ, ಕಿವಿ ಕೊರೆಯುವ ಸದ್ದು

ಕಾರು ಓಡಿಸುವುದಕ್ಕಿಂತ ನಿಲ್ಲಿಸುವುದು ಕಷ್ಟ ಎಂಬುದು ಆಗಲೇ ಎಲ್ಲರಿಗೂ ಗೊತ್ತಾಗಿತ್ತು. 1902ರಲ್ಲಿ ಲ್ಯಾಂಚೆಸ್ಟರ್ ಪಡೆದ ಪೇಟೆಂಟ್ ಇಂದಿನ ಡಿಸ್ಕ್ ಬ್ರೇಕಿನ ತಾತ ಎನ್ನಬಹುದು. ಚಕ್ರದ ಜತೆ ತಿರುಗುವ ತೆಳುವಾದ ಲೋಹದ ತಟ್ಟೆ. ಅದರ ಅಂಚನ್ನು ಎರಡೂ ಬದಿಯಿಂದ ಅದುಮಿ ಹಿಡಿಯುವ ದವಡೆಗಳು. ಸೈಕಲ್ ಬ್ರೇಕಿನಲ್ಲಿ ಎರಡು ರಬ್ಬರ್ ತುಂಡುಗಳು ರಿಮ್ ಹಿಡಿಯುವುದನ್ನು ನೆನಪಿಸಿಕೊಳ್ಳಿ, ಹೆಚ್ಚು ಕಡಿಮೆ ಹಾಗೆಯೇ.

ಯೋಚನೆ ಸರಿಯಾಗಿತ್ತು. ಸಾಮಗ್ರಿ ಇರಲಿಲ್ಲ. ದವಡೆಗೆ ಹಾಕಲು ಆಗ ಸಿಕ್ಕಿದ್ದು ತಾಮ್ರ. ಲೋಹದ ತಟ್ಟೆಗೆ ಲೋಹವೇ ಉಜ್ಜಿದಾಗ ಬೀದಿಗೆಲ್ಲ ಕೇಳುವಂಥ ಚೀತ್ಕಾರ ಎದ್ದಿತು. ಅಂದಿನ ಮಣ್ಣು ರಸ್ತೆಗಳ ಧೂಳು ಸೇರಿ ಮೆದು ತಾಮ್ರ ಬೇಗ ಸವೆದೂ ಹೋಗುತ್ತಿತ್ತು.

ಇಲ್ಲೊಂದು ವ್ಯಂಗ್ಯವಿದೆ. ಬ್ರೇಕ್ ಕಿರುಚುವುದು ಎಂದರೂ ನಡುಕವೇ. ಪ್ಯಾಡ್ ತಟ್ಟೆಗೆ ಕ್ಷಣಮಾತ್ರ ಅಂಟುತ್ತದೆ, ಜಾರುತ್ತದೆ, ಮತ್ತೆ ಅಂಟುತ್ತದೆ. ಸೆಕೆಂಡಿಗೆ ಸಾವಿರಾರು ಬಾರಿ ಹೀಗಾದಾಗ ತಟ್ಟೆ ಗಂಟೆಯಂತೆ ಮೊಳಗುತ್ತದೆ. ಪಿಟೀಲಿನ ತಂತಿ ಮೇಲೆ ಕಮಾನು ಎಳೆದಾಗ ನಾದ ಹುಟ್ಟುವುದೂ ಇದೇ ರೀತಿ. ಎಂಜಿನ್‌ನ ನಡುಕವನ್ನು ಲೆಕ್ಕ ಹಾಕಿ ಗೆದ್ದ ಮನುಷ್ಯ, ಬ್ರೇಕ್‌ನ ನಡುಕದ ಮುಂದೆ ಸೋತರು. ಎಂಜಿನ್ ನಡುಕಕ್ಕೆ ಗಣಿತ ಸಾಕಾಗಿತ್ತು. ಬ್ರೇಕಿಗೆ ಬೇಕಾಗಿದ್ದು ಇನ್ನೂ ಯಾರೂ ಕಂಡುಹಿಡಿಯದ ವಸ್ತು.

ಹಳೇ ಬೂಟಿನಿಂದ ಬಂದ ಪರಿಹಾರ

ಆ ವಸ್ತುವಿನ ದಾರಿ ತೋರಿಸಿದ್ದು ಬೇರೊಬ್ಬರು. ಡರ್ಬಿಶೈರ್‌ನ ಗುಡ್ಡಗಾಡಿನಲ್ಲಿ ಇಳಿಜಾರು ಇಳಿಯುವ ಗಾಡಿಯವರು ಮರದ ಬ್ರೇಕ್ ತುಂಡಿಗೆ ಹಳೇ ಬೂಟು ಹೊಡೆದುಕೊಳ್ಳುತ್ತಿದ್ದುದನ್ನು ಹರ್ಬರ್ಟ್ ಫ್ರೂಡ್ ಎಂಬವರು ಗಮನಿಸಿದರು. ಬೂಟಿಗಿಂತ ಒಳ್ಳೆಯದು ಸಿಗಬಹುದಲ್ಲ ಎಂದು 1897ರಲ್ಲಿ ಪ್ರಯೋಗ ಆರಂಭಿಸಿದರು. ಮೊದಲು ಬಟ್ಟೆ, ಆಮೇಲೆ ಬಿಸಿ ತಾಳುವ ಆಸ್ಬೆಸ್ಟಾಸ್. 1907ರಲ್ಲಿ ಫ್ರೂಡ್ ಅವರ ಆಸ್ಬೆಸ್ಟಾಸ್ ಹೊದಿಕೆ ಡಿಸ್ಕ್ ಬ್ರೇಕಿಗೂ ಬಂದಾಗ ಕಿರುಚಾಟ ಇಳಿಯಿತು, ಬಾಳಿಕೆ ಹೆಚ್ಚಿತು. ಫ್ರೂಡ್ ತಮ್ಮ ಹೆಸರಿನ ಅಕ್ಷರಗಳನ್ನು ತಿರುಗಿಸಿ, ಹೆಂಡತಿ ಎಲಿಜಬೆತ್ ಹೆಸರಿನ ಒಂದಕ್ಷರ ಸೇರಿಸಿ ಕಟ್ಟಿದ ಬ್ರ್ಯಾಂಡ್ ಫೆರೋಡೋ. ಥಾಣೆಯಲ್ಲಿ ಬಿಡಿಭಾಗದ ಅಂಗಡಿಗೆ ಹೋದರೂ ಆ ಹೆಸರಿನ ಡಬ್ಬಿ ಕಾಣಬಹುದು.

ಆಸ್ಬೆಸ್ಟಾಸ್ ಧೂಳು ಶ್ವಾಸಕೋಶಕ್ಕೆ ಕ್ಯಾನ್ಸರ್ ತರುತ್ತದೆ ಎಂಬುದು ಮುಂದೆ ತಿಳಿಯಿತು. ಕಾರು ಕಂಪನಿಗಳು ಬೇರೆ ಮಿಶ್ರಣಗಳಿಗೆ ಹೊರಳಿದವು. ಅವುಗಳಲ್ಲಿ ಲೋಹದ ಎಳೆ ಹೆಚ್ಚಿದ್ದಷ್ಟೂ ಕಿರುಚಾಟದ ಸಾಧ್ಯತೆಯೂ ಹೆಚ್ಚು. ವೇಗದ ಸ್ಪೋರ್ಟ್ಸ್ ಕಾರುಗಳ ಸಮಸ್ಯೆ ಇರುವುದು ಇಲ್ಲಿಯೇ. ಅವುಗಳ ಪ್ಯಾಡ್ ಗಟ್ಟಿ, ಚೆನ್ನಾಗಿ ಬಿಸಿಯಾದಾಗಲೇ ಸರಿಯಾಗಿ ಹಿಡಿಯುವಂಥದ್ದು. ಘೋಡ್‌ಬಂದರ್ ರಸ್ತೆಯ ಟ್ರಾಫಿಕ್‌ನಲ್ಲಿ ಅದು ಬಿಸಿಯಾಗುವುದಾದರೂ ಎಲ್ಲಿ?

ಮುಂಜಾನೆಯ ಸದ್ದಿಗೆ ಮಾತ್ರ ಹೆದರಬೇಕಿಲ್ಲ. ತೇವಕ್ಕೆ ಡಿಸ್ಕ್ ಮೇಲೆ ತೆಳುವಾಗಿ ತುಕ್ಕು ಕೂರುತ್ತದೆ, ನಾಲ್ಕಾರು ಬಾರಿ ಬ್ರೇಕ್ ಹಾಕಿದರೆ ಉಜ್ಜಿ ಹೋಗುತ್ತದೆ. ದಿನವಿಡೀ ಕಿರುಚಿದರೆ ಪ್ಯಾಡ್ ಸವೆದಿರಬಹುದು; ಸವೆದಾಗ ಎಚ್ಚರಿಸಲೆಂದೇ ಕೆಲವು ಪ್ಯಾಡ್‌ಗಳಲ್ಲಿ ಲೋಹದ ನಾಲಿಗೆ ಇಟ್ಟಿರುತ್ತಾರೆ. ಮೆಕ್ಯಾನಿಕ್‌ಗಳು ಪ್ಯಾಡ್ ಹಿಂಬದಿಗೆ ಶಿಮ್ ಎಂಬ ತೆಳು ಹಾಳೆ ಇಡುವುದು, ಬಿಸಿ ತಾಳುವ ಗ್ರೀಸ್ ಹಚ್ಚುವುದು, ಪ್ಯಾಡ್ ಅಂಚನ್ನು ಓರೆಯಾಗಿ ಕೆತ್ತುವುದು ಎಲ್ಲವೂ ಆ ನಡುಕ ಕಡಿಮೆ ಮಾಡಲೆಂದೇ. ಆದರೆ ಪ್ಯಾಡ್ ಉಜ್ಜುವ ಮೇಲ್ಮೈಗೆ ಎಣ್ಣೆ ಹಾಕುವ ಸಾಹಸ ಬೇಡವೇ ಬೇಡ. ಸದ್ದು ನಿಲ್ಲುತ್ತದೆ, ಕಾರು ನಿಲ್ಲುವುದಿಲ್ಲ!

ಲೆಕ್ಕ ಬಲ್ಲವನಿಗೆ ದುಡ್ಡಿನ ಲೆಕ್ಕ ತಪ್ಪಿತು

ಫ್ರೂಡ್ ಹೊದಿಕೆ ಬರುವಷ್ಟರಲ್ಲಿ ಕಾರು ಲೋಕ ಡ್ರಮ್ ಬ್ರೇಕಿನ ಕಡೆ ವಾಲಿತ್ತು. ಧೂಳು ಒಳಗೆ ಹೋಗದ, ಅಷ್ಟಾಗಿ ಸದ್ದೂ ಮಾಡದ ಡ್ರಮ್ ಅಂದಿನ ವೇಗಕ್ಕೆ ಸಾಕಾಗಿತ್ತು. ಅತ್ತ ಲ್ಯಾಂಚೆಸ್ಟರ್ ಕಂಪನಿ 1904ರಲ್ಲಿ ಮುಗ್ಗರಿಸಿತು. ಕಾರಿಗೆ ಬೇಡಿಕೆ ಇತ್ತು, ಕೈಯಲ್ಲಿ ಬಂಡವಾಳ ಇರಲಿಲ್ಲ. ಕಂಪನಿ ಹೊಸ ರೂಪದಲ್ಲಿ ಎದ್ದುನಿಂತರೂ ಫ್ರೆಡರಿಕ್ ಕ್ರಮೇಣ ಹೊರಬಿದ್ದರು. ವಿನ್ಯಾಸದ ಹೊಣೆ ತಮ್ಮ ಜಾರ್ಜ್ ಹೆಗಲಿಗೇರಿತು.

ಅವರನ್ನು ವ್ಯವಹಾರ ತಿಳಿಯದವರು ಎಂದು ಬಿಡುವುದು ಸುಲಭ. ಆದರೆ ಅವರ ತಲೆ ಆಗ ಬೇರೆಡೆ ಇತ್ತು. 1907 ಮತ್ತು 1908ರಲ್ಲಿ ಹಾರಾಟದ ವಿಜ್ಞಾನದ ಮೇಲೆ ಎರಡು ದೊಡ್ಡ ಗ್ರಂಥ ಬರೆದರು. ರೆಕ್ಕೆ ವಿಮಾನವನ್ನು ಹೇಗೆ ಮೇಲೆತ್ತುತ್ತದೆ ಎಂಬುದಕ್ಕೆ ಅವರು ಕೊಟ್ಟ ವಿವರಣೆ ಮುಂದೆ ಜರ್ಮನಿಯ ಪ್ರಾಂಟ್ಲ್ ಅವರ ಹೆಸರಿನ ಜತೆ ಸೇರಿ ಪಠ್ಯಪುಸ್ತಕ ಸೇರಿತು. ಮೊದಲ ಮಹಾಯುದ್ಧದ ವೇಳೆ, ಸೇನೆಯ ಬಲ ಸಂಖ್ಯೆಯ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ ಎಂಬ ಸೂತ್ರ ಮಂಡಿಸಿದರು. 1922ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು.

ಗೌರವ ಬಂತು, ಹಣ ಬರಲಿಲ್ಲ. ಧ್ವನಿವರ್ಧಕ ಮತ್ತು ರೇಡಿಯೊ ತಯಾರಿಸುವ ಉದ್ಯಮಕ್ಕೆ ಕೈಹಾಕಿದರು, ಅದೂ ಮುಚ್ಚಿತು. ಪಾರ್ಕಿನ್ಸನ್ ಕಾಯಿಲೆ ಬಂತು. ಜೀವನವಿಡೀ ಯಂತ್ರಗಳ ನಡುಕ ನಿಲ್ಲಿಸಿದವರ ಕೈ ಈಗ ತಾನೇ ನಡುಗುತ್ತಿತ್ತು. ದೃಷ್ಟಿಯೂ ಮಂಕಾಯಿತು. ಸ್ವಂತ ಮನೆಯಲ್ಲಿ ಉಳಿಯುವುದಕ್ಕೂ ಇತರರ ನೆರವು ಬೇಕಾಯಿತು. ಮಕ್ಕಳಿರಲಿಲ್ಲ. 1946ರ ಮಾರ್ಚ್ 8ರಂದು ಬರ್ಮಿಂಗ್‌ಹ್ಯಾಮ್‌ನ ತಮ್ಮ ಮನೆಯಲ್ಲಿ ಅವರು ತೀರಿಕೊಂಡರು.

ಏಳು ವರ್ಷದ ಬಳಿಕ ಲೆ ಮಾನ್‌ನಲ್ಲಿ

ಯುದ್ಧ ಮುಗಿದ ಮೇಲೆ ಕಾರುಗಳ ವೇಗ ಏರಿತು. ಡ್ರಮ್ ಬ್ರೇಕ್‌ನ ಗುಟ್ಟು ರಟ್ಟಾಯಿತು. ಮುಚ್ಚಿದ ಡ್ರಮ್ಮಿನೊಳಗೆ ಬಿಸಿ ಹೊರಹೋಗದೆ ಬ್ರೇಕ್ ಹಿಡಿತವೇ ಕುಸಿಯುತ್ತಿತ್ತು. ಗಾಳಿಗೆ ತೆರೆದುಕೊಂಡ ಡಿಸ್ಕ್ ಬೇಗ ತಣಿಯುತ್ತದೆ. ಡನ್‌ಲಪ್ ಕಂಪನಿಯೊಂದಿಗೆ ಸೇರಿ ಜಾಗ್ವಾರ್ ತನ್ನ ಸಿ-ಟೈಪ್ ರೇಸ್ ಕಾರಿಗೆ ಡಿಸ್ಕ್ ಬ್ರೇಕ್ ಅಳವಡಿಸಿತು. 1953ರ ಜೂನ್‌ನಲ್ಲಿ ಫ್ರಾನ್ಸ್‌ನ ಲೆ ಮಾನ್ 24 ಗಂಟೆ ರೇಸ್‌ನಲ್ಲಿ ಟೋನಿ ರೋಲ್ಟ್ ಮತ್ತು ಡಂಕನ್ ಹ್ಯಾಮಿಲ್ಟನ್ ಅದೇ ಕಾರಿನಲ್ಲಿ ಗೆದ್ದರು. ಗಂಟೆಗೆ 200 ಕಿ.ಮೀ. ಮೀರಿದ ವೇಗದಿಂದ ತಿರುವಿಗೆ ಬರುವಾಗ ಎದುರಾಳಿಗಳು ದೂರದಲ್ಲೇ ಬ್ರೇಕ್ ಒತ್ತಬೇಕಿತ್ತು, ಜಾಗ್ವಾರ್ ಇನ್ನಷ್ಟು ಮುಂದೆ ಹೋಗಿ ಒತ್ತುತ್ತಿತ್ತು. ಸರಾಸರಿ ವೇಗ ಗಂಟೆಗೆ 170 ಕಿ.ಮೀ. ಆ ರೇಸ್‌ನಲ್ಲಿ ಗಂಟೆಗೆ 100 ಮೈಲಿಯ ಸರಾಸರಿ ದಾಟಿದ್ದು ಅದೇ ಮೊದಲು. ವೇಗ ಹೆಚ್ಚಿಸಿದ್ದು ಬ್ರೇಕ್!

ನಮ್ಮಲ್ಲಿಗೆ ಆ ಬ್ರೇಕ್ ಬರಲು ಇನ್ನೂ ಕಾಲ ಹಿಡಿಯಿತು. ಕುರ್ಲಾದಲ್ಲಿ ತಯಾರಾಗಿ ಮುಂಬೈ ಬೀದಿ ತುಂಬಿದ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳು ಡ್ರಮ್ ಬ್ರೇಕಿನವು. ಮಳೆ ನೀರಲ್ಲಿ ಮುಳುಗಿ ಎದ್ದರೆ ಬ್ರೇಕ್ ಹಿಡಿಯದೆ ಚಾಲಕರು ಪರದಾಡುತ್ತಿದ್ದರು. 1990ರ ದಶಕದಲ್ಲಿ ಡೊಂಬಿವಲಿ ಸಮೀಪ ಅದೇ ಕಂಪನಿಯ ಕಲ್ಯಾಣ್ ಘಟಕದಲ್ಲಿ ತಯಾರಾದ ಪೂಜೋ 309 ಕಾರಿನ ಮುಂದಿನ ಚಕ್ರಗಳಿಗೆ ಡಿಸ್ಕ್ ಇತ್ತು. ಇಂದು ಬೈಕುಗಳಿಗೂ ಬಂದಿದೆ.

ಲ್ಯಾಂಚೆಸ್ಟರ್ ಕಂಪನಿ 1931ರ ವೇಳೆಗೆ ಡೈಮ್ಲರ್ ಬಳಗ ಸೇರಿತ್ತು. 1960ರಲ್ಲಿ ಡೈಮ್ಲರ್ ಜಾಗ್ವಾರ್ ಪಾಲಾಯಿತು. 2008ರಲ್ಲಿ ಟಾಟಾ ಮೋಟಾರ್ಸ್ ಜಾಗ್ವಾರ್ ಲ್ಯಾಂಡ್ ರೋವರ್ ಕೊಂಡಾಗ ಡೈಮ್ಲರ್ ಜತೆ ಲ್ಯಾಂಚೆಸ್ಟರ್ ಎಂಬ ಹೆಸರೂ ಆ ಒಪ್ಪಂದದೊಳಗಿತ್ತು. ಹೀಗೆ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದ ಹೆಸರಿನ ಹಕ್ಕು ಮುಂಬೈನ ಕಂಪನಿಯೊಂದರ ಕೈಗೆ ಬಂತು. ಆ ಹೆಸರಿನ ಹೊಸ ಕಾರು ಮಾತ್ರ 1950ರ ದಶಕದ ನಡುವಿನಿಂದ ರಸ್ತೆಗಿಳಿದಿಲ್ಲ.