ಕುದುರೆ ಓಡಿಸಿದ ದೊರೆ

ಕಳೆದ ಸೆಮಿಸ್ಟರ್ ಲ್ಯಾಬ್‌ನಲ್ಲಿ ಒಂದು ಪ್ರೋಗ್ರಾಂ ಕೊಟ್ಟಿದ್ದರು. ಚದುರಂಗದ ಕುದುರೆ 64 ಮನೆಗಳಿಗೂ ಹೋಗಬೇಕು, ಯಾವ ಮನೆಗೂ ಎರಡನೇ ಸಲ ಕಾಲಿಡಬಾರದು. ನನ್ನ ಕೋಡ್ ಓಡುತ್ತಲೇ ಇತ್ತು, ಉತ್ತರ ಮಾತ್ರ ಬರಲಿಲ್ಲ. ಕಂಪ್ಯೂಟರ್ ಇಲ್ಲದ ಕಾಲದಲ್ಲೇ ಮೈಸೂರಿನ ದೊರೆಯೊಬ್ಬರು ಇದನ್ನು ಬಿಡಿಸಿದ್ದರೆಂದು ಆಮೇಲೆ ತಿಳಿಯಿತು. ಅರಂತೋಡಿನಿಂದ ಮೈಸೂರಿಗೆ ನೇರ ರಸ್ತೆ. ಎಷ್ಟೋ ಸಲ ಹೋಗಿ ಅರಮನೆ, ಝೂ ನೋಡಿ ಬಂದಿದ್ದೇನೆ. ಈ ಸಂಗತಿ ಯಾರೂ ಹೇಳಿರಲಿಲ್ಲ!

ಅವರು ಮುಮ್ಮಡಿ ಕೃಷ್ಣರಾಜ ಒಡೆಯರ್. ಹುಟ್ಟಿದ್ದು 1794ರಲ್ಲಿ. 1799ರಲ್ಲಿ ಟಿಪ್ಪು ಮಡಿದ ಮೇಲೆ ಬ್ರಿಟಿಷರು ಈ ಐದು ವರ್ಷದ ಬಾಲಕನನ್ನು ಪಟ್ಟಕ್ಕೆ ಕೂರಿಸಿದರು. ನಗರದ ರೈತರು ದಂಗೆಯೆದ್ದ ಬಳಿಕ 1831ರಲ್ಲಿ ಆಡಳಿತವನ್ನು ಕಿತ್ತುಕೊಂಡರು. ರೈತರ ಸಿಟ್ಟಿಗೆ ಕಾರಣವಿತ್ತು, ಅದನ್ನು ಮರೆತು ದೊರೆಯನ್ನು ಹೊಗಳಲಾರೆ. ಆಗ ಅವರಿಗೆ 37 ವರ್ಷ. ಬದುಕಿನಲ್ಲಿ ಇನ್ನೂ ಅಷ್ಟೇ ವರ್ಷ ಉಳಿದಿತ್ತು, ಬಿರುದು ಇತ್ತು, ಅಧಿಕಾರವಿರಲಿಲ್ಲ.

ರಾಜ್ಯ ಮರಳಿಸಿ ಎಂದು ಮನವಿ ಮೇಲೆ ಮನವಿ ಕಳಿಸಿದರು. ಜೊತೆಗೆ ಚದುರಂಗದ ಮಣೆ. ಅವರ ಒಂದು ರಚನೆಯಲ್ಲಿ ಕುದುರೆ ಹೋದ ಮನೆಗಳಿಗೆ 1ರಿಂದ 64ರವರೆಗೆ ಅಂಕಿ ಬರೆದರೆ ಪ್ರತಿ ಅಡ್ಡಸಾಲು, ಪ್ರತಿ ಕಂಬಸಾಲಿನ ಮೊತ್ತ 260! ಕುದುರೆನಡೆಯ ಇತಿಹಾಸ ಬರೆಯುವ ವಿದೇಶಿಯರು ಇಂದಿಗೂ ಮೈಸೂರು ರಾಜನ ಹೆಸರು ಹೇಳುತ್ತಾರೆ.

1868ರಲ್ಲಿ ತೀರಿಕೊಂಡರು. ರಾಜ್ಯ ಮರಳಿದ್ದು 1881ರಲ್ಲಿ, ದತ್ತುಪುತ್ರ ಚಾಮರಾಜೇಂದ್ರರಿಗೆ.

ಮುಂದಕ್ಕೆ ದಾರಿ ಕಡಿಮೆ ಇರುವ ಮನೆಗೇ ಮೊದಲು ಹೋಗಬೇಕೆಂಬ ನಿಯಮ ಸೇರಿಸಿದ ಮೇಲೆ ನನ್ನ ಕೋಡ್ ಕ್ಷಣದಲ್ಲಿ ಉತ್ತರ ಕೊಟ್ಟಿತು. ಸಾಲುಗಳನ್ನು ಕೂಡಿ ನೋಡಿದೆ. 260 ಬರಲಿಲ್ಲ.