ವಿದ್ಯಾರ್ಥಿಗಳ ಪಂಕ್ತಿಯಲ್ಲಿ ಕೂತ ಮೇಷ್ಟ್ರು: ಡಾ. ಎಚ್. ನರಸಿಂಹಯ್ಯನವರು



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಹೊರತರುತ್ತಿರುವ ಸ್ಮರಣ ಸಂಚಿಕೆಯಲ್ಲಿ ಒಬ್ಬ ಮಹನೀಯರ ಜೀವನ ಚರಿತ್ರೆ ಇರಲೇಬೇಕೆಂದು ಎಲ್ಲರೂ ಅಭಿಪ್ರಾಯಪಟ್ಟಾಗ, ಯಾರ ಬಗ್ಗೆ ಬರೆಯೋದು ಎಂಬ ಪ್ರಶ್ನೆ ಬಂತು. ಸಹಕಾರ ಸಂಘದ ಸಂಚಿಕೆ ಅಂದ ಮೇಲೆ 1905ರಲ್ಲಿ ಗದಗಿನ ಹತ್ತಿರ ಕಣಗಿನಹಾಳದಲ್ಲಿ ಮೊದಲ ಸಂಘ ಕಟ್ಟಿದ ಸಿದ್ದನಗೌಡ ಪಾಟೀಲರ ಹೆಸರು ಸಹಜವಾಗಿಯೇ ಬರುತ್ತದೆ. ಅವರ ವಿಚಾರ ಸಹಕಾರಿಗಳಿಗೆಲ್ಲ ತಿಳಿದದ್ದೇ. ನಾವು ಈ ಸಲ ಒಬ್ಬ ಮೇಷ್ಟ್ರನ್ನು ಆರಿಸಿಕೊಂಡಿದ್ದೇವೆ. ಕಾರಣ ಇಷ್ಟೇ. ಹತ್ತು ಷೇರು ಇರುವವನಿಗೂ ಒಂದೇ ಓಟು, ಒಂದು ಷೇರು ಇರುವವನಿಗೂ ಒಂದೇ ಓಟು ಎನ್ನುವುದು ನಮ್ಮ ಸಂಘದ ಅಡಿಗಲ್ಲು. ಈ ಮಾತನ್ನು ಶಾಲೆ ಕಾಲೇಜಿನ ಒಳಗೆ ತಮ್ಮ ನಡತೆಯಿಂದ ತೋರಿಸಿದವರು ಡಾ. ಎಚ್. ನರಸಿಂಹಯ್ಯನವರು. ಎಲ್ಲರ ಬಾಯಲ್ಲೂ ಅವರು ಎಚ್ಚೆನ್.

ಅವರು ದೂರದವರೇನಲ್ಲ. ನಮ್ಮ ಚನ್ನರಾಯಪಟ್ಟಣ ಹೋಬಳಿಯಿಂದ ಉತ್ತರಕ್ಕೆ ನಂದಿ ಬೆಟ್ಟ ದಾಟಿದರೆ ಗೌರಿಬಿದನೂರು ತಾಲ್ಲೂಕು ಬಹಳ ದೂರವಿಲ್ಲ. ಆ ತಾಲ್ಲೂಕಿನ ಹೊಸೂರು ಎಂಬ ಹಳ್ಳಿಯಲ್ಲಿ 1920ರ ಜೂನ್ 6ರಂದು ಬಡ ಕುಟುಂಬವೊಂದರಲ್ಲಿ ಅವರು ಜನಿಸಿದರು. ಆಗ ಅದು ಕೋಲಾರ ಜಿಲ್ಲೆ, 2007ರಿಂದ ಚಿಕ್ಕಬಳ್ಳಾಪುರ ಜಿಲ್ಲೆ. ಮನೆಯಲ್ಲಿ ಹೊಟ್ಟೆಬಟ್ಟೆಗೇ ಕಷ್ಟವಿದ್ದ ಕಾಲ.

ಆ ಕಾಲದ ಶಾಲೆಗಳು ಹೇಗಿದ್ದವು ಎಂಬುದನ್ನು ನಮ್ಮ ಅಜ್ಜಂದಿರು ಹೇಳಿದ್ದನ್ನು ನಾವೆಲ್ಲ ಕೇಳಿದ್ದೇವೆ. ಕೂಲಿಮಠದ ಅಯ್ಯನವರ ಕೈಯಲ್ಲಿ ಹುಣಸೇ ಬರಲು. ಮಗ್ಗಿ ತಪ್ಪಿದರೆ ಬಸ್ಕಿ, ಇನ್ನೂ ತಪ್ಪಿದರೆ ತೊಲೆಗೆ ಹಗ್ಗ ಕಟ್ಟಿ ಕೋದಂಡ. ಸರ್ಕಾರಿ ಶಾಲೆ ಬಂದ ಮೇಲೆ ಕೋದಂಡ ಹೋಯ್ತು, ಬೆತ್ತ ಉಳೀತು. ಇನ್‌ಸ್ಪೆಕ್ಟರು ಬರ್ತಾರೆ ಅಂದ್ರೆ ಮೇಷ್ಟ್ರಿಗೆ ನಡುಕ, ಮೇಷ್ಟ್ರು ಬರ್ತಾರೆ ಅಂದ್ರೆ ಹುಡುಗರಿಗೆ ನಡುಕ. ಮಿಡ್ಲ್ ಸ್ಕೂಲಿನ ಕೊನೆಗೆ ಲೋಯರ್ ಸೆಕೆಂಡರಿ ಪರೀಕ್ಷೆ, ಅದು ಪಾಸಾದರೆ ಮುಂದೆ ಹೈಸ್ಕೂಲು. ಆದರೆ ಹೈಸ್ಕೂಲು ಇರುತ್ತಿದ್ದದ್ದು ಪಟ್ಟಣಗಳಲ್ಲಿ. ಹಳ್ಳಿ ಹುಡುಗರ ಓದು ಅಲ್ಲಿಗೇ ಮುಗಿದು, ಮಾರನೇ ದಿನದಿಂದ ದನದ ಹಿಂದೆ ಹೋಗೋದೇ ಗತಿ.

ನರಸಿಂಹಯ್ಯನವರಿಗೂ ಹಾಗೇ ಆಯಿತು. ಹೊಸೂರಿನಲ್ಲಿ ಹೈಸ್ಕೂಲು ಇಲ್ಲದ್ದರಿಂದ ಒಂದು ವರ್ಷ ಓದು ನಿಂತುಹೋಯಿತು. ಆಗ ಕೈಹಿಡಿದವರು ಅವರ ಮುಖ್ಯೋಪಾಧ್ಯಾಯರಾಗಿದ್ದ ಎಂ.ಎಸ್. ನಾರಾಯಣರಾಯರು. ಅವರ ನೆರವಿನಿಂದ 1935ರಲ್ಲಿ ಬೆಂಗಳೂರು ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ ಸೇರುವ ಅವಕಾಶ ಒದಗಿತು. ಅವಕಾಶವೇನೋ ಬಂತು, ಬಸ್ಸಿಗೆ ಕಾಸಿಲ್ಲ. ಹದಿನೈದು ವರ್ಷದ ಹುಡುಗ ನಡೆದೇಬಿಟ್ಟ! ಹೊಸೂರಿನಿಂದ ಬೆಂಗಳೂರಿಗೆ ಸುಮಾರು 85 ಕಿಲೋಮೀಟರು, ಎರಡು ದಿನದ ನಡಿಗೆ. ಗೌರಿಬಿದನೂರು ಕಡೆಯಿಂದ ಬೆಂಗಳೂರಿಗೆ ಬರುವ ಹೆದ್ದಾರಿ ನಮ್ಮ ದೊಡ್ಡಬಳ್ಳಾಪುರ, ಯಲಹಂಕಗಳ ಮೇಲೇ ಹಾದುಹೋಗುತ್ತದೆ. ಇವತ್ತು ಆ ದಾರಿಯಲ್ಲಿ ಎರಡು ಗಂಟೆಯಲ್ಲಿ ಬಸ್ಸಿನಲ್ಲಿ ಹೋಗಿ ಬರುವ ನಮ್ಮ ಮಕ್ಕಳು ಒಂದು ಸಲ ಇದನ್ನು ನೆನೆಯಬೇಕು.

ನ್ಯಾಷನಲ್ ಹೈಸ್ಕೂಲು 1917ರಲ್ಲಿ ಅನಿಬೆಸೆಂಟರ ಪ್ರೇರಣೆಯಿಂದ ಹುಟ್ಟಿದ ಶಾಲೆ. ಅಲ್ಲಿನ ಕೆ. ಸಂಪದ್ಗಿರಿರಾಯರಂಥ ಉಪಾಧ್ಯಾಯರು ದೇಶಾಭಿಮಾನಿಗಳು, ಸರಳ ಜೀವಿಗಳು. ಹಾಗಂತ ಶಿಸ್ತೇನೂ ಸಡಿಲ ಇರಲಿಲ್ಲ. ಪಠ್ಯ, ಪರೀಕ್ಷೆ ಎಲ್ಲಾ ಸರ್ಕಾರ ಇಟ್ಟಿದ್ದೇ. ಬಡ ಹುಡುಗರ ನಿಲಯದಲ್ಲಿ ಇದ್ದುಕೊಂಡು ನರಸಿಂಹಯ್ಯನವರು ಓದಿದರು.

ಇಲ್ಲಿ ಒಂದು ಪ್ರಸಂಗವನ್ನು ನಾವು ಹೇಳಲೇಬೇಕು. 1936ರ ಬೇಸಿಗೆಯಲ್ಲಿ ಗಾಂಧೀಜಿಯವರು ವಿಶ್ರಾಂತಿಗಾಗಿ ನಮ್ಮ ಪಕ್ಕದ ನಂದಿ ಬೆಟ್ಟದಲ್ಲಿ ತಂಗಿದ್ದರು. ಅದೇ ವರ್ಷ ಅವರು ನ್ಯಾಷನಲ್ ಹೈಸ್ಕೂಲಿಗೆ ಬಂದಾಗ, ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಹೇಳಲು ಆರಿಸಿದ್ದು ಇದೇ ನರಸಿಂಹಯ್ಯನವರನ್ನು! ಯೋಚನೆ ಮಾಡಿ. ಪಟ್ಟಣದ ಶಾಲೆ. ಸೇರಿ ಇನ್ನೂ ವರ್ಷವೋ ಒಂದೂವರೆ ವರ್ಷವೋ ಆದ ಹಳ್ಳಿ ಹುಡುಗ. ದೇಶವೇ ಕೈಮುಗಿಯುವ ಮಹಾತ್ಮರ ಪಕ್ಕದಲ್ಲಿ ನಿಲ್ಲುವ ಅವಕಾಶವನ್ನು ಬೇಕಾಗಿದ್ದರೆ ಉಪಾಧ್ಯಾಯರೇ ಇಟ್ಟುಕೊಳ್ಳಬಹುದಿತ್ತು. ಅವರು ಹುಡುಗನನ್ನು ಮುಂದೆ ಬಿಟ್ಟು ತಾವು ಹಿಂದೆ ಸರಿದರು. ಹುಡುಗನ ಮೇಲೆ ನಂಬಿಕೆ ಇಡೋದು ಅಂದ್ರೆ ಇದು. ಆ ನಂಬಿಕೆಯ ಸಾಲವನ್ನು ನರಸಿಂಹಯ್ಯನವರು ಮುಂದೆ ಜೀವನವಿಡೀ ಸಾವಿರಾರು ಹುಡುಗರಿಗೆ ತೀರಿಸಿದರು ಎಂದೇ ನಮ್ಮ ಭಾವನೆ. ಅಂದು ಮೈಮೇಲೆ ಬಂದ ಖಾದಿ, ತಲೆಯ ಮೇಲೆ ಬಂದ ಗಾಂಧಿ ಟೋಪಿ ಕೊನೆಯವರೆಗೂ ಇಳಿಯಲಿಲ್ಲ.

ಹೈಸ್ಕೂಲು ಮುಗಿಸಿ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಬಿ.ಎಸ್‌ಸಿ. ಆನರ್ಸ್ ಓದುತ್ತಿದ್ದಾಗ 1942ರ ಕ್ವಿಟ್ ಇಂಡಿಯಾ ಚಳವಳಿ ಬಂತು. ಡಿಗ್ರಿ ಕೈಗೆ ಬರುವುದರಲ್ಲಿತ್ತು. ಊರಲ್ಲಿ ಬಡತನ ಹಾಗೇ ಕಾಯ್ತಾ ಇತ್ತು. ಆದರೂ ಓದು ಬಿಟ್ಟು ಚಳವಳಿಗೆ ಧುಮುಕಿದರು. ಬೆಂಗಳೂರು, ಮೈಸೂರು, ಪುಣೆಯ ಯರವಾಡ ಜೈಲುಗಳಲ್ಲಿ ತಿಂಗಳುಗಟ್ಟಲೆ ಸೆರೆವಾಸ ಅನುಭವಿಸಿದರು. ಬಿಡುಗಡೆಯಾದ ಮೇಲೆ ಮತ್ತೆ ಪುಸ್ತಕ ಹಿಡಿದು, ಆನರ್ಸ್ ಮುಗಿಸಿ, ಎಂ.ಎಸ್‌ಸಿ.ಯನ್ನೂ ಪಡೆದು 1946ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿಗೆ ಭೌತಶಾಸ್ತ್ರದ ಅಧ್ಯಾಪಕರಾಗಿ ಸೇರಿದರು. ಆ ಕಾಲೇಜು ಶುರುವಾಗಿ ಆಗ ಒಂದೇ ವರ್ಷ ಆಗಿತ್ತು.

ಇನ್ನು ಮುಂದಿನದೇ ಈ ಜೀವನದ ಮುಖ್ಯ ಸಂಗತಿ. ಸಾಮಾನ್ಯವಾಗಿ ಕೆಲಸ ಸಿಕ್ಕಿದ ಮೇಲೆ ಮನೆ ಮಾಡ್ತಾರೆ, ಮದುವೆ ಆಗ್ತಾರೆ. ಎಚ್ಚೆನ್ ಮದುವೆಯಾಗಲಿಲ್ಲ, ಮನೆಯನ್ನೂ ಮಾಡಲಿಲ್ಲ. ಕಾಲೇಜಿನ ವಿದ್ಯಾರ್ಥಿ ನಿಲಯದ ಒಂದು ಕೋಣೆಯಲ್ಲಿ ಉಳಿದರು. ಒಂದು ವರ್ಷ ಎರಡು ವರ್ಷ ಅಲ್ಲ, ಅರ್ಧ ಶತಮಾನಕ್ಕೂ ಮೀರಿ! ಹುಡುಗರು ಉಂಡ ಊಟವೇ ಊಟ, ಹುಡುಗರು ನಿಂತ ಸಾಲೇ ಸಾಲು. ಉಪ್ಪಿಟ್ಟು ಅಂದ್ರೆ ಅವರಿಗೆ ಬಲು ಇಷ್ಟ ಅನ್ನೋದು ಬಸವನಗುಡಿಗೆಲ್ಲ ಗೊತ್ತಿದ್ದ ವಿಷಯ. ಹಳ್ಳಿಯಿಂದ ಹೆದರಿಕೊಂಡು ಬಂದ ಹುಡುಗನಿಗೆ, ನಾಳೆ ತರಗತಿಯಲ್ಲಿ ಪಾಠ ಹೇಳುವ ಮೇಷ್ಟ್ರು ಇವತ್ತು ತನ್ನ ಪಂಕ್ತಿಯಲ್ಲೇ ತಟ್ಟೆ ಹಿಡಿದು ಕೂತಿದ್ದಾರೆ ಅಂದ್ರೆ ಅರ್ಧ ಹೆದರಿಕೆ ಅಲ್ಲೇ ಹೋಗುತ್ತೆ. ಪಂಕ್ತಿಭೇದ ಏನೆಂದು ಕಂಡುಂಡ ನಮ್ಮ ಹಳ್ಳಿಗಳಿಗೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಎಚ್ಚೆನ್ ಹುಡುಗರನ್ನು ಸಲಿಗೆಯಿಂದ ಕೆಡಿಸಿದರೇ? ಇಲ್ಲ. ಅವರು ಶಿಸ್ತಿನ ಮನುಷ್ಯ. ಗಂಟೆ ಅಂದರೆ ಗಂಟೆ, ನಿಯಮ ಅಂದರೆ ನಿಯಮ. ಅಂದಿನ ಕಾಲೇಜುಗಳು ಮೈಸೂರು ವಿಶ್ವವಿದ್ಯಾನಿಲಯದ ಕೈಕೆಳಗಿದ್ದವು, 1964ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯ ಆಯಿತು. ಏನು ಓದಿಸಬೇಕು, ಯಾವಾಗ ಪರೀಕ್ಷೆ, ಎಷ್ಟು ಅಂಕ, ಇದ್ಯಾವುದೂ ಒಬ್ಬ ಅಧ್ಯಾಪಕರ ಕೈಯಲ್ಲಿ ಇರಲಿಲ್ಲ. ಕೈಯಲ್ಲಿ ಇದ್ದದ್ದು ತಮ್ಮ ಕೋಣೆಯ ಬಾಗಿಲು, ತಮ್ಮ ಊಟದ ತಟ್ಟೆ, ತಮ್ಮ ಮಾತಿನ ರೀತಿ. ಅದಷ್ಟನ್ನೂ ಅವರು ಹುಡುಗರ ಸಮಕ್ಕೆ ತಂದರು. ಹುಡುಗರಿಗೆ ಹಾಕಿದ ನಿಯಮವನ್ನು ಮೊದಲು ತಮಗೇ ಹಾಕಿಕೊಂಡರು. ಸಮಾನತೆ ಬೇರೆ, ಸಡಿಲ ಬೇರೆ. ನಮ್ಮ ಡೈರಿಯಲ್ಲಿ ಅಧ್ಯಕ್ಷರ ಮನೆ ಹಾಲಿಗೂ ಅದೇ ಪರೀಕ್ಷೆ, ಒಂದು ಹಸು ಕಟ್ಟಿರುವ ಅಜ್ಜಿಯ ಹಾಲಿಗೂ ಅದೇ ಪರೀಕ್ಷೆ. ಪರೀಕ್ಷೆಯನ್ನೇ ತೆಗೆದುಹಾಕಿದರೆ ಸಂಘ ಮುಳುಗುತ್ತೆ, ಅಧ್ಯಕ್ಷರಿಗೆ ಬಿಟ್ಟುಕೊಟ್ಟರೂ ಮುಳುಗುತ್ತೆ. ಎಚ್ಚೆನ್ ಅವರ ಶಿಸ್ತೂ ಇದೇ ಜಾತಿಯದು.

ವರ್ಷಗಟ್ಟಲೆ ಪಾಠ ಹೇಳಿದ ಮೇಲೆ ಅವರು ಮತ್ತೆ ವಿದ್ಯಾರ್ಥಿಯಾಗಿ ಅಮೆರಿಕಕ್ಕೆ ಹೋದರು. ಓಹಿಯೋ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಸಂಶೋಧನೆ ಮಾಡಿ 1960ರಲ್ಲಿ ಪಿಎಚ್.ಡಿ. ಪದವಿ ಪಡೆದಾಗ ವಯಸ್ಸು ನಲವತ್ತು. ನಲವತ್ತಕ್ಕೆ ಬೆಂಚಿನ ಮೇಲೆ ಕೂತವರಿಗೆ ಹುಡುಗರ ಕಷ್ಟ ಮರೆಯೋದಿಲ್ಲ. ವಾಪಸು ಬಂದು ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರಾದರು. 1972ರವರೆಗೆ, ಹನ್ನೊಂದು ಹನ್ನೆರಡು ವರ್ಷ ಆ ಹೊಣೆ ಹೊತ್ತರು. ಅಮೆರಿಕ ನೋಡಿ ಬಂದ ಪ್ರಿನ್ಸಿಪಾಲರು ಎಲ್ಲಿ ಇದ್ದರು? ಅದೇ ನಿಲಯ, ಅದೇ ಕೋಣೆಯ ಬಾಳು.

1962ರಲ್ಲಿ ಅವರು ಬೆಂಗಳೂರು ವಿಜ್ಞಾನ ವೇದಿಕೆಯನ್ನು ಸ್ಥಾಪಿಸಿದರು. ಬೆಂಗಳೂರು ಸೈನ್ಸ್ ಫೋರಂ ಎಂದೇ ಅದು ಹೆಸರಾಯಿತು. ದೊಡ್ಡ ದೊಡ್ಡ ವಿಜ್ಞಾನಿಗಳನ್ನು ಕರೆಸಿ ವಾರವಾರವೂ ಉಪನ್ಯಾಸ. ಕೇಳಲು ಯಾರು ಬೇಕಾದರೂ ಬರಬಹುದು, ಪ್ರಶ್ನೆಯನ್ನು ಯಾರು ಬೇಕಾದರೂ ಹಾಕಬಹುದು. ಎದುರುತ್ತರ ಕೊಡಬಾರದು ಅಂತ ಕಲಿಸಿದ ಶಾಲೆಗಳ ನಡುವೆ, ಪ್ರಶ್ನೆ ಕೇಳುವುದೇ ವಿದ್ಯಾರ್ಥಿಯ ಮೊದಲ ಕೆಲಸ ಎಂದು ಅವರು ತಿಳಿಸಿಕೊಟ್ಟರು. ಮರುವರ್ಷ ಬೆಂಗಳೂರು ಲಲಿತಕಲಾ ಪರಿಷತ್ತನ್ನೂ ಆರಂಭಿಸಿದರು. ವಿಜ್ಞಾನ ಒಂದು ಕಣ್ಣಾದರೆ ಸಂಗೀತ ನಾಟಕ ಇನ್ನೊಂದು ಕಣ್ಣು.

1972ರಿಂದ 1977ರವರೆಗೆ ಅವರು ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದರು. ಕುಲಪತಿ ಅಂದ್ರೆ ಬಂಗಲೆ, ಆಳು ಕಾಳು ಎಲ್ಲಾ ಉಂಟು. ಎಚ್ಚೆನ್ ಬಂಗಲೆಗೆ ಹೋಗಲೇ ಇಲ್ಲ. ಕುಲಪತಿಯಾಗಿಯೂ ವಿದ್ಯಾರ್ಥಿ ನಿಲಯದಲ್ಲೇ ಇದ್ದರು. 1976ರಲ್ಲಿ ಪವಾಡ ಮತ್ತು ಮೂಢನಂಬಿಕೆಗಳನ್ನು ವೈಜ್ಞಾನಿಕವಾಗಿ ಪರಿಶೀಲಿಸಲು ಒಂದು ಸಮಿತಿ ರಚಿಸಿದಾಗ ನಾಡಿನಾದ್ಯಂತ ಕೋಲಾಹಲವೇ ಎದ್ದಿತು. ಮೆಚ್ಚಿದವರೆಷ್ಟೋ ಕೋಪಿಸಿಕೊಂಡವರೂ ಅಷ್ಟೇ. ದೇವರು ದಿಂಡರು ನಂಬುವ ನಮ್ಮಂಥ ಹಳ್ಳಿಯವರು ಅವರ ವಿಚಾರಗಳನ್ನೆಲ್ಲ ಒಪ್ಪಬೇಕಾಗಿಲ್ಲ. ಆದರೆ ಒಂದು ಮಾತು ಒಪ್ಪಲೇಬೇಕು. ಹುಡುಗರಿಗೆ ತಮ್ಮನ್ನು ಪ್ರಶ್ನಿಸುವ ಹಕ್ಕು ಕೊಟ್ಟ ಮನುಷ್ಯ, ದೊಡ್ಡವರನ್ನು ಪ್ರಶ್ನಿಸುವ ಹಕ್ಕನ್ನು ತಾನೂ ಬಿಟ್ಟುಕೊಡಲಿಲ್ಲ. ಚಿಕ್ಕವರಿಗೆ ಒಂದು ನ್ಯಾಯ, ದೊಡ್ಡವರಿಗೆ ಒಂದು ನ್ಯಾಯ ಅವರಲ್ಲಿ ಇರಲಿಲ್ಲ.

ನ್ಯಾಷನಲ್ ಎಜುಕೇಷನ್ ಸೊಸೈಟಿಯ ಅಧ್ಯಕ್ಷರಾಗಿ ಅವರು ತಮ್ಮ ಕಡೆಯ ಹಳ್ಳಿಗಾಡನ್ನು ಮರೆಯಲಿಲ್ಲ. ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ಸೊಸೈಟಿಯ ಕಾಲೇಜುಗಳು ಬೆಳೆದವು. ಹೈಸ್ಕೂಲಿಗಾಗಿ 85 ಕಿಲೋಮೀಟರು ನಡೆದವರಿಗೆ, ತಮ್ಮ ಸೀಮೆಯ ಮಕ್ಕಳು ಹಾಗೆ ನಡೆಯಬಾರದು ಎಂಬುದು ಗೊತ್ತಿತ್ತು. 1984ರಲ್ಲಿ ಭಾರತ ಸರ್ಕಾರ ಪದ್ಮಭೂಷಣ ಪ್ರಶಸ್ತಿ ನೀಡಿ ಗೌರವಿಸಿತು. ತಮ್ಮ ಬದುಕನ್ನು ಹೋರಾಟದ ಹಾದಿ ಎಂಬ ಆತ್ಮಕಥೆಯಲ್ಲಿ ತಾವೇ ಬರೆದಿಟ್ಟಿದ್ದಾರೆ. ಓದು ಬಲ್ಲ ಪ್ರತಿ ಮನೆಯಲ್ಲೂ ಆ ಪುಸ್ತಕ ಇರಬೇಕೆಂದು ನಮ್ಮ ಕೋರಿಕೆ. 2005ರ ಜನವರಿ 31ರಂದು ಅವರು ನಿಧನರಾದರು. ಹೆಂಡತಿ ಮಕ್ಕಳಿಲ್ಲದ ಅವರಿಗಾಗಿ ಕಣ್ಣೀರು ಹಾಕಿದ ಶಿಷ್ಯರಿಗೆ ಲೆಕ್ಕವಿಲ್ಲ.

ಬಂಧುಗಳೇ, ಸಂಚಿಕೆಯಲ್ಲಿ ಇದನ್ನು ಅಚ್ಚು ಹಾಕಿ ಮರೆತುಬಿಟ್ಟರೆ ಪ್ರಯೋಜನವಿಲ್ಲ. ಮಕ್ಕಳನ್ನು ಹೊಡೆಯಬಾರದು ಅಂತ 2009ರ ಶಿಕ್ಷಣ ಹಕ್ಕು ಕಾಯಿದೆ ಸ್ಪಷ್ಟವಾಗಿ ಹೇಳಿದೆ. ಬೆತ್ತ ಕೆಳಗಿಟ್ಟದ್ದಾಯಿತು. ಆದರೂ ನಾಲ್ಕು ಜನ ಸೇರಿದ ಕಡೆ, ಭಯ ಹೋದ ಮೇಲೆ ವಿದ್ಯೆಯೂ ಹೋಯಿತು ಎಂಬ ಗೊಣಗಾಟ ಕೇಳಿಬರುತ್ತದೆ. ನಮ್ಮಲ್ಲೂ ಕೆಲವರು ಹಾಗೇ ನಂಬಿದ್ದೆವು. ಶಾಲೆಗೆ ಮಗುವನ್ನು ಬಿಡುವಾಗ ಕಣ್ಣು ಎರಡು ಬಿಟ್ಟು ಮಿಕ್ಕಿದ ಕಡೆ ಹೊಡೀರಿ ಮೇಷ್ಟ್ರೇ ಎಂದು ನಾವೇ ಹೇಳಿ ಬಂದದ್ದೂ ಉಂಟು. ಏಟಿಗೆ ಹೆದರಿ ಶಾಲೆ ಬಿಟ್ಟು, ಇವತ್ತು ಸಂಘದ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತುವ ಸದಸ್ಯರೂ ನಮ್ಮ ನಡುವೆ ಇದ್ದಾರೆ. ಅವರು ದಡ್ಡರೇನಲ್ಲ. ಹಾಲಿನ ಲೆಕ್ಕವನ್ನು ಬಾಯಲ್ಲೇ ಹೇಳುವವರು. ಅವರಿಗೆ ಸಿಗದೇ ಹೋದದ್ದು ಪಕ್ಕದಲ್ಲಿ ಕೂತು ಹೇಳಿಕೊಡುವ ಒಬ್ಬ ಎಚ್ಚೆನ್.

ಬೆತ್ತದ ಜಾಗದಲ್ಲಿ ಏನನ್ನು ಇಡಬೇಕು ಎಂಬುದಕ್ಕೆ ಎಚ್ಚೆನ್ ಬದುಕೇ ಉತ್ತರ. ಮೇಷ್ಟ್ರ ನಡತೆಯನ್ನು ಇಡಬೇಕು. ಹೆದರಿಕೆಯಿಂದ ಕೂತ ಹುಡುಗ ಗಂಟೆ ಹೊಡೆದ ತಕ್ಷಣ ಎದ್ದು ಓಡ್ತಾನೆ, ಗೌರವದಿಂದ ಕೂತವನು ಗಂಟೆ ಹೊಡೆದ ಮೇಲೂ ಪ್ರಶ್ನೆ ಕೇಳ್ತಾ ನಿಲ್ತಾನೆ. ನಮ್ಮ ಹೋಬಳಿಯ ಶಾಲೆಗಳ ಗುರುಗಳು ಇದನ್ನು ತಪ್ಪು ತಿಳಿಯದೆ ಸ್ವೀಕರಿಸಬೇಕೆಂದು ಪ್ರಾರ್ಥಿಸುತ್ತೇವೆ. ಹಾಗೆಯೇ ಮನೆಯಲ್ಲಿ ನಾವೂ ಮಕ್ಕಳ ಮಾತಿಗೆ ಒಂದು ಗಳಿಗೆ ಕಿವಿ ಕೊಡೋಣ. ಸಂಘದ ಸಭೆಯಲ್ಲಿ ಮೂಲೆಯಲ್ಲಿ ಕೂತ ಸದಸ್ಯ ಕೈ ಎತ್ತಿದರೆ ಮೊದಲು ಅವರಿಗೇ ಮಾತು ಕೊಡೋಣ.

ಇಪ್ಪತ್ತೈದು ವರ್ಷ ನಮ್ಮನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದ ಈ ಸಂಘ ಚಿನ್ನದ ಹಬ್ಬವನ್ನೂ ಕಾಣಲಿ, ಆ ಹೊತ್ತಿಗೆ ಹೆಬ್ಬೆಟ್ಟು ಒತ್ತುವ ಒಂದು ಕೈಯೂ ನಮ್ಮ ಊರಲ್ಲಿ ಇಲ್ಲದಿರಲಿ ಎಂದು ಹಾರೈಸುತ್ತೇವೆ.